ಪಾದ್ರಿಯ ದೀಕ್ಷೆ ಕಸಿಯಲು ಸಾಧ್ಯವೇ?

ವಾಷಿಂಗ್ಟನ್‌ನ ಮಾಜಿ ಆರ್ಚ್‌ಬಿಷಪ್ ಥಿಯೊಡೋರ್ ಮೆಕ್ಯಾರಿಕ್ ಅವರನ್ನು 2019ರ ಫೆಬ್ರವರಿಯಲ್ಲಿ ವ್ಯಾಟಿಕನ್ ಪಾದ್ರಿ ಸ್ಥಾನದಿಂದ ವಜಾ ಮಾಡಿದಾಗ, ಅವರ ದೀಕ್ಷೆಯೇ ರದ್ದಾಯಿತೆಂದು ಹಲವರು ಭಾವಿಸಿದರು. ವಾಸ್ತವ ಹಾಗಿಲ್ಲ. ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 290ನೇ ವಿಧಿಯಂತೆ, ಕ್ರಮಬದ್ಧವಾಗಿ ಪಡೆದ ಗುರುದೀಕ್ಷೆ ಎಂದಿಗೂ ಅಸಿಂಧುವಾಗದು. ಹುದ್ದೆ, ಅಧಿಕಾರಗಳನ್ನು ಕಳೆಯಬಹುದು. ಬಲಿಪೂಜೆ ಅರ್ಪಿಸದಂತೆ ನಿರ್ಬಂಧಿಸಬಹುದು. ಆದರೆ ಜ್ಞಾನಸ್ನಾನದಂತೆ ದೀಕ್ಷೆಯೂ ಆತ್ಮದ ಮೇಲೊತ್ತಿದ ಅಳಿಸಲಾಗದ ಮುದ್ರೆ ಎಂಬುದು ಸಭೆಯ ನಂಬಿಕೆ. ಹೀಗಾಗಿ ವಜಾಗೊಂಡ ಪಾದ್ರಿಯೂ ಸಾವಿನಂಚಿನಲ್ಲಿರುವವರ ಪಾಪನಿವೇದನೆ ಆಲಿಸಿ ಕ್ಷಮೆ ನೀಡಬಹುದು.

ಅಪ್ರಾಪ್ತರ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಮೆಕ್ಯಾರಿಕ್ ತಪ್ಪಿತಸ್ಥರೆಂದು ವ್ಯಾಟಿಕನ್ ತೀರ್ಮಾನಿಸಿತ್ತು. ಅದಕ್ಕೆ ಸಂದ ಗರಿಷ್ಠ ಶಿಕ್ಷೆ ಶ್ರೀಸಾಮಾನ್ಯನ ಸ್ಥಾನ. ಪರಾಗ್ವೆಯ ಅಧ್ಯಕ್ಷರಾಗಿ ಆಯ್ಕೆಯಾದ ಬಿಷಪ್ ಫೆರ್ನಾಂಡೊ ಲೂಗೊ 2008ರಲ್ಲಿ ಪೋಪರಿಂದ ಪಡೆದದ್ದೂ ಅದನ್ನೇ! ವಿವಾಹವಾಗಲು ಬಿಡುಗಡೆ ಕೋರುವ ಪಾದ್ರಿಗಳಿಗೆ ದೊರೆಯುವುದೂ ಅದೇ. ಸಂತ್ರಸ್ತರಿಗೆ ಇದು ನ್ಯಾಯವೆನಿಸೀತೇ? ಮೇಲಾಗಿ, ವಜಾ ಆದವನ ಮೇಲೆ ಬಿಷಪರ ಹಿಡಿತವೂ ತಪ್ಪುತ್ತದೆ. ಮುಂದಿನದೆಲ್ಲ ಪೊಲೀಸರು, ನ್ಯಾಯಾಲಯಗಳ ಹೊಣೆ. ಮರೆವಿನ ಕಾಯಿಲೆಗೆ ತುತ್ತಾದ ಮೆಕ್ಯಾರಿಕ್ ವಿಚಾರಣೆ ಎದುರಿಸಲು ಸಮರ್ಥರಲ್ಲವೆಂದು ಮ್ಯಾಸಚೂಸೆಟ್ಸ್ ನ್ಯಾಯಾಲಯ 2023ರಲ್ಲಿ ಮೊಕದ್ದಮೆಯನ್ನು ಕೈಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ಅವರು ನಿಧನರಾದರು.