ಶಂಕುಸ್ಥಾಪನೆ ಸಾಕು, ಸುಂಕದ ಮಾತಾಡಿ



ಮಂತ್ರಿಗಳು ನಮ್ಮ ಕಡೆಗೆ ಬಂದಾಗಲೆಲ್ಲ ಎರಡು ಮಾತು ತಪ್ಪದೆ ಹೇಳುತ್ತಾರೆ. ಈ ಭಾಗದ ಯುವಕರಿಗೆ ಉದ್ಯೋಗ ಕೊಡಿಸುತ್ತೇನೆ ಅನ್ನೋದು ಒಂದು. ಈ ಭಾಗದ ಆರ್ಥಿಕ ಅಭಿವೃದ್ಧಿಗೆ ಕಂಕಣ ಕಟ್ಟಿದ್ದೇನೆ ಅನ್ನೋದು ಇನ್ನೊಂದು. ಹಾರ ಬೀಳುತ್ತದೆ, ಕಲ್ಲು ನೆಡುತ್ತಾರೆ, ಕಾರುಗಳ ಹಿಂದೆ ಧೂಳು ಏಳುತ್ತದೆ. ಆ ಕಲ್ಲಿನ ಪಕ್ಕದಲ್ಲಿ ಮುಂದೆ ಕಾರ್ಖಾನೆ ಏಳುತ್ತದೋ ಇಲ್ಲಾ ಕಲ್ಲಿನ ಮೇಲೆ ಕಾಗೆ ಕೂರುತ್ತದೋ, ಅದು ಬೇರೆ ವಿಚಾರ. ನಮ್ಮ ಪ್ರಶ್ನೆ ಅದಲ್ಲ. ಹೊಸ ಉದ್ಯೋಗ ತರುವ ಮಾತು ಹಾಗಿರಲಿ, ಈಗಾಗಲೇ ನಮ್ಮ ಹಟ್ಟಿಯಲ್ಲಿ, ಹೊಲದಲ್ಲಿ ಇರುವ ಉದ್ಯೋಗವನ್ನು ಉಳಿಸುವ ಮಂತ್ರಿ ಯಾರು? ಕೆಡಿಸುವ ಮಂತ್ರಿ ಯಾರು? ಇದನ್ನು ನಾವು ಸರಿಯಾಗಿ ತಿಳಿದುಕೊಂಡಿಲ್ಲ. ತಿಳಿಯದೆ, ಯಾರನ್ನೋ ಕೇಳಬೇಕಾದ್ದನ್ನು ಇನ್ಯಾರನ್ನೋ ಕೇಳಿ ವಾಪಸು ಬರುತ್ತಿದ್ದೇವೆ.

ರೇಷ್ಮೆಯನ್ನೇ ತೆಗೆದುಕೊಳ್ಳಿ. ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ, ಕೊಳ್ಳೇಗಾಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಬೆಳೆಯ ರೈತರಿಗಾಗಿ ಹೇಳುತ್ತೇನೆ. ಹಿಪ್ಪುನೇರಳೆ ಸೊಪ್ಪು ಕುಯ್ಯುವ ಹೆಣ್ಣುಮಕ್ಕಳಿಂದ ಶುರುವಾಗುತ್ತದೆ ಈ ಕೆಲಸ. ಚಾಕಿ ಸಾಕುವವರು, ನಾಲ್ಕು ಜ್ವರ ಎಬ್ಬಿಸಿ ಹುಳ ಹಣ್ಣು ಮಾಡುವವರು, ಚಂದ್ರಿಕೆಗೆ ಹುಳ ಬಿಡುವವರು, ಗೂಡು ಬಿಡಿಸುವವರು. ಇದಿಷ್ಟು ಹಳ್ಳಿಯಲ್ಲಿ. ಆಮೇಲೆ ಮಾರುಕಟ್ಟೆಗೆ ಗೂಡು ಸಾಗಿಸುವ ಟೆಂಪೋದವನು, ಬಿಸಿನೀರಿಗೆ ಕೈ ಹಾಕಿ ನೂಲು ತೆಗೆಯುವ ಕೂಲಿಯವರು, ಹುರಿ ಹಾಕುವವರು, ಬಣ್ಣ ಹಾಕುವವರು, ದೊಡ್ಡಬಳ್ಳಾಪುರದಲ್ಲೋ ಕಂಚಿಯಲ್ಲೋ ಮಗ್ಗದ ಮುಂದೆ ಕೂತವರು. ಒಂದು ಕಿಲೋ ಕಚ್ಚಾ ರೇಷ್ಮೆಗೆ 11 ಆಳಿನ ದಿನದ ಕೆಲಸ ಹುಟ್ಟುತ್ತದೆ ಅಂತ ಕೇಂದ್ರ ರೇಷ್ಮೆ ಮಂಡಳಿಯೇ ಲೆಕ್ಕ ಕೊಡುತ್ತದೆ. ಬಟ್ಟೆಯ ಬೆಲೆಯಲ್ಲಿ ನೂರಕ್ಕೆ 57ರಷ್ಟು ಗೂಡು ಬೆಳೆದವನಿಗೆ ಹೋಗುತ್ತದೆ ಅಂತಲೂ ಅವರು ಹೇಳುತ್ತಾರೆ. (ಅಂಗಡಿಯಲ್ಲಿ ಸೀರೆಯ ಬೆಲೆ ಚೀಟಿ ನೋಡಿದವರಿಗೆ ಈ ಎರಡನೇ ಲೆಕ್ಕ ನಂಬೋದು ಕಷ್ಟ. ಇರಲಿ, ಅವರ ಮಾತನ್ನೇ ಒಪ್ಪೋಣ.) ಒಟ್ಟಿನಲ್ಲಿ ಇಷ್ಟು ಕೈಗೆ ಕೆಲಸ ಕೊಡುವ ಕಾರ್ಖಾನೆಯನ್ನು ಯಾವ ಮಂತ್ರಿಯೂ ಕಲ್ಲು ನೆಟ್ಟು ತಂದಿಲ್ಲ. ಟಿಪ್ಪು ಸುಲ್ತಾನನ ಕಾಲದಿಂದ ನಮ್ಮ ಹಿರಿಯರು ಹುಳದ ಮನೆಯಲ್ಲಿ ನಿದ್ದೆಗೆಟ್ಟು ಉಳಿಸಿಕೊಂಡು ಬಂದದ್ದು ಇದು.

ಈಗ 2011ನೇ ಇಸವಿ ನೆನಪು ಮಾಡಿಕೊಳ್ಳಿ. ಆ ವರ್ಷ ಫೆಬ್ರವರಿ 28ರಂದು ಕೇಂದ್ರದ ಹಣಕಾಸು ಮಂತ್ರಿಗಳಾಗಿದ್ದ ಪ್ರಣಬ್ ಮುಖರ್ಜಿಯವರು ಬಜೆಟ್ ಮಂಡಿಸಿದರು. ಹೊರದೇಶದಿಂದ, ಅಂದರೆ ಮುಖ್ಯವಾಗಿ ಚೀನಾದಿಂದ, ಬರುವ ಕಚ್ಚಾ ರೇಷ್ಮೆಗೆ ಅಲ್ಲಿಯವರೆಗೆ ನೂರಕ್ಕೆ 30 ಸುಂಕ ಇತ್ತು. ಅದನ್ನು 5ಕ್ಕೆ ಇಳಿಸಿಬಿಟ್ಟರು. ಆ ಬಜೆಟ್ಟಿನಲ್ಲಿ ಅದು ಒಂದು ಸಾಲಿನ ವಿಷಯ. ಆ ಒಂದು ಸಾಲು ಇಲ್ಲಿ ಏನು ಮಾಡಿತು ಅಂತ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಲಾಟು ಇಟ್ಟುಕೊಂಡು ನಿಂತವರಿಗೆ ಗೊತ್ತು. ಕೆಲವೇ ತಿಂಗಳಲ್ಲಿ ಗೂಡಿನ ಬೆಲೆ ಅರ್ಧಕ್ಕೆ ಬಿತ್ತು. ರೈತರು ರಸ್ತೆಗಿಳಿದರು. ಕೆಲವರು ಬೆಳೆದು ನಿಂತ ಹಿಪ್ಪುನೇರಳೆ ತೋಟವನ್ನೇ ಕಿತ್ತು ಹಾಕಿದರು. ತೋಟ ಕಿತ್ತ ಹೊಲದಲ್ಲಿ ಕೂಲಿಯವರಿಗೆ ಏನು ಕೆಲಸ? ಅವರು ಬೆಂಗಳೂರಿನ ಬಸ್ಸು ಹತ್ತಿದರು. ಮಂತ್ರಿಗಳ ಭಾಷೆಯಲ್ಲಿ ಹೇಳೋದಾದರೆ ಇದು ಪ್ರಾದೇಶಿಕ ಆರ್ಥಿಕತೆ.

ಸುಂಕಕ್ಕೂ ನಮ್ಮ ಲಾಟಿಗೂ ಏನು ಸಂಬಂಧ ಅಂತ ಕೆಲವರು ಕೇಳುತ್ತಾರೆ. ಲೆಕ್ಕ ಸುಲಭವಾಗಲಿ ಅಂತ ಒಂದು ಸಂಖ್ಯೆ ಹಿಡಿಯೋಣ. ಪರದೇಶದ ರೇಷ್ಮೆ ಬಂದರಿನಲ್ಲಿ ಕಿಲೋಗೆ 1,000 ರೂಪಾಯಿಗೆ ಇಳಿಯಿತು ಅನ್ನಿ. 30 ಸುಂಕ ಇದ್ದಾಗ ಅದು 1,300 ಆಗುತ್ತದೆ. 5 ಇದ್ದರೆ 1,050. ಕಿಲೋಗೆ 250 ರೂಪಾಯಿ ಅಗ್ಗ. ಆಗ ನಮ್ಮ ರೀಲರು ತಾನು ತೆಗೆದ ನೂಲನ್ನು ಆ ಬೆಲೆಗೆ ಇಳಿಸದಿದ್ದರೆ ವ್ಯಾಪಾರಿ ತಿರುಗಿ ನೋಡೋದಿಲ್ಲ. ಆ ನಷ್ಟವನ್ನು ರೀಲರು ತನ್ನ ಜೇಬಿನಿಂದ ತುಂಬುತ್ತಾನೆಯೇ? ಹರಾಜಿನಲ್ಲಿ ಕೂಗುವಾಗಲೇ ಕಡಿಮೆ ಕೂಗುತ್ತಾನೆ. ಒಂದು ಕಿಲೋ ನೂಲಿಗೆ ಎಂಟು ಕಿಲೋ ಗೂಡು ಅಂದರೂ, ಗೂಡಿನ ಕಿಲೋ ಮೇಲೆ 31 ರೂಪಾಯಿ ಹೋಯಿತು. ನೂರು ಮೊಟ್ಟೆಗೆ 65 ಕಿಲೋ ಗೂಡು ಬಂದರೆ ಎರಡು ಸಾವಿರ. ಇನ್ನೂರು ಮೊಟ್ಟೆ ಮೇಯಿಸಿ ವರ್ಷಕ್ಕೆ ಐದು ಬೆಳೆ ತೆಗೆಯುವ ಸಂಸಾರಕ್ಕೆ ಇಪ್ಪತ್ತು ಸಾವಿರ. ಇದು ಬರೀ ಸುಂಕದ ಲೆಕ್ಕ. ಅಗ್ಗದ ಮಾಲು ಇನ್ನೂ ಬರಲಿದೆ ಅನ್ನುವ ಸುದ್ದಿ ಹಬ್ಬಿದರೆ ಸಾಕು, ಕೊಳ್ಳುವವರು ಕೈ ಕಟ್ಟಿ ನಿಲ್ಲುತ್ತಾರೆ, ಬೆಲೆ ಲೆಕ್ಕಕ್ಕಿಂತ ಕೆಳಗೆ ಜಾರುತ್ತದೆ.

ಕಾದು ಮಾರೋಣ ಅಂದರೆ ಗೂಡು ರಾಗಿಯಲ್ಲ, ಕಣಜದಲ್ಲಿ ಹಾಕಿಡೋಕೆ. ಹತ್ತು ಹನ್ನೆರಡು ದಿನ ಕಳೆದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆ ಗೂಡಿನಿಂದ ಎಳೆ ಬರೋದಿಲ್ಲ. ಮಾರುಕಟ್ಟೆಗೆ ತಂದ ಮೇಲೆ ಕೊಟ್ಟೇ ಹೋಗಬೇಕು. ಕಬ್ಬಿನವನಿಗೂ ಟೊಮೇಟೊದವನಿಗೂ ಈ ಕಷ್ಟ ಗೊತ್ತು.

ಇನ್ನು ಸಾಲದ ಮಾತು. ನಮ್ಮ ಪತ್ರಿಕೆ ಹೇಳುತ್ತಲೇ ಬಂದದ್ದು ಇದನ್ನೇ, ಆದರೂ ಇಲ್ಲಿ ಬಿಡುವ ಹಾಗಿಲ್ಲ. ರೇಷ್ಮೆ ಬೆಳೆಯಿರಿ ಅಂತ ನಮ್ಮನ್ನು ಹುರಿದುಂಬಿಸಿದವರು ಯಾರು? 1980ರಲ್ಲಿ ವಿಶ್ವ ಬ್ಯಾಂಕಿನ ಸಾಲ ತಂದು ಕರ್ನಾಟಕ ರೇಷ್ಮೆ ಯೋಜನೆ ಶುರು ಮಾಡಿದವರು ಸರ್ಕಾರದವರೇ. ಅಲ್ಲಿಂದ ಈಚೆಗೆ ಹುಳದ ಮನೆ ಕಟ್ಟಿ, ಕೊಳವೆಬಾವಿ ಕೊರೆಸಿ, ಹನಿ ನೀರಾವರಿ ಹಾಕಿಸಿ, ಬೈವೋಲ್ಟೈನ್ ಸಾಕಿ ಅಂತ ಬುದ್ಧಿ ಹೇಳಿದವರೂ ಅವರೇ. ಹುಳದ ಮನೆಗೆ ಸಹಾಯಧನ ಸ್ವಲ್ಪ, ಉಳಿದದ್ದು ಬ್ಯಾಂಕಿನ ಸಾಲ. ಬ್ಯಾಂಕು ಕಂತು ಕಟ್ಟುವಾಗ ಗೂಡಿನ ಅಂದಿನ ಬೆಲೆ ನೋಡಿ ಕಂತು ಕಟ್ಟಿತು. ದಿಲ್ಲಿಯಲ್ಲಿ ಸುಂಕ 30ರಿಂದ 5ಕ್ಕೆ ಇಳಿದ ದಿನ ನಮ್ಮ ಕಂತು ಒಂದು ರೂಪಾಯಿಯೂ ಇಳಿಯಲಿಲ್ಲ. ಕಂತು ತೀರಿಸೋಕೆ ಹೆಂಡತಿಯ ಓಲೆ ಅಡವಿಟ್ಟವನನ್ನು ಬ್ಯಾಂಕಿನವರು ಸುಸ್ತಿದಾರ ಅಂತ ಬರೆದುಕೊಂಡರು. ಸುಸ್ತಿ ಯಾರಿಂದ ಆಯಿತು ಅಂತ ಬರೆಯೋಕೆ ಆ ಪುಸ್ತಕದಲ್ಲಿ ಕಲಮೇ ಇಲ್ಲ.

ಎರಡು ವರ್ಷ ಕಳೆಯಿತು. 2013ರ ಬಜೆಟ್ಟಿನಲ್ಲಿ ಪಿ. ಚಿದಂಬರಂ ಅವರು ಸುಂಕವನ್ನು 5ರಿಂದ 15ಕ್ಕೆ ಏರಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆದರೂ ಏರಿಸಿದ್ದನ್ನು ಏರಿಸಿದರು ಅಂತಲೇ ಹೇಳಬೇಕು, ಅದು ರೈತರ ಕೂಗಿಗೆ ಬಂದ ಫಲ. ನಡುವೆ ಮತ್ತೆ 10ಕ್ಕೆ ಇಳಿದಿದ್ದನ್ನು 2021ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಅವರು 15ಕ್ಕೆ ತಂದರು. 2016ರಲ್ಲೂ 2022ರಲ್ಲೂ ಈ ಮಂತ್ರಿಗಳನ್ನು ರಾಜ್ಯಸಭೆಗೆ ಆರಿಸಿದ್ದು ನಮ್ಮ ಕರ್ನಾಟಕದ ಶಾಸಕರೇ. ರೇಷ್ಮೆ ಎಲ್ಲಕ್ಕಿಂತ ಹೆಚ್ಚು ಬೆಳೆಯುವ ರಾಜ್ಯದಿಂದ ಹೋದವರು ಅಂತ ನಮಗೆ ಅವರ ಮೇಲೆ ಒಂದು ಹಕ್ಕು ಇದೆ. ನಾವು ಅದನ್ನು ಬಳಸಿಕೊಂಡದ್ದು ಕಮ್ಮಿ.

30, 5, 15, 10, 15. ನೋಡಿದಿರಾ? ಹತ್ತು ವರ್ಷದಲ್ಲಿ ಹೀಗೆ ಉಯ್ಯಾಲೆ ಆಡಿದ ಈ ಸಂಖ್ಯೆಯೇ ನಮ್ಮ ಸೀಮೆಯ ಉದ್ಯೋಗ ಮಂತ್ರಿ. ಹೆಸರಿಗೆ ಮಾತ್ರ ಅದು ಹಣಕಾಸು ಖಾತೆ.

ನೇಕಾರರ ಕಷ್ಟವನ್ನು ಇಲ್ಲಿ ಮುಚ್ಚಿಡಬಾರದು. ನೂಲು ದುಬಾರಿಯಾದರೆ ಮಗ್ಗ ನಿಲ್ಲುತ್ತದೆ ಅನ್ನೋದು ಸುಳ್ಳಲ್ಲ. ನಮ್ಮ ದೇಶದಲ್ಲಿ ಬೆಳೆಯುವ ರೇಷ್ಮೆ ಎಲ್ಲ ಮಗ್ಗಕ್ಕೂ ಸಾಲದೆ ಹೊರಗಿನಿಂದ ತರಿಸಿಕೊಂಡದ್ದೂ ಉಂಟು. ನೇಕಾರ ನಮ್ಮ ಶತ್ರುವಲ್ಲ, ಅವನೂ ನಮ್ಮ ಹಾಗೆ ಸಾಲದಲ್ಲೇ ಕೂತವನು. ಆದರೆ ನೇಕಾರನಿಗೆ ಸಹಾಯ ಮಾಡಬೇಕಾದರೆ ಸರ್ಕಾರ ತನ್ನ ಖಜಾನೆಯಿಂದ ನೂಲಿಗೆ ರಿಯಾಯಿತಿ ಕೊಡಲಿ. ರೈತನ ಜೇಬಿನಿಂದ ಕಿತ್ತು ನೇಕಾರನಿಗೆ ಕೊಟ್ಟೆ ಅಂತ ಹೇಳಿ, ಕೊನೆಗೆ ದೊಡ್ಡ ಆಮದು ವ್ಯಾಪಾರಿಯ ಗೋದಾಮು ತುಂಬಿಸೋದು ಯಾವ ನ್ಯಾಯ?

ರೇಷ್ಮೆ ಬೆಳೆಯದವರು ಇದು ನಮ್ಮದಲ್ಲ ಅಂದುಕೊಳ್ಳಬೇಡಿ. 2025ರ ಆಗಸ್ಟಿನಲ್ಲಿ ಅಮೆರಿಕದವರು ನಮ್ಮ ಜವಳಿ ಮೇಲೆ ಭಾರಿ ತೆರಿಗೆ ಹಾಕಿದರು. ಮಿಲ್ಲುಗಳ ಉದ್ಯೋಗ ಉಳಿಸಬೇಕು ಅಂತ ಕೇಂದ್ರದವರು ಆಗಸ್ಟ್ 19ರಿಂದ ಪರದೇಶದ ಹತ್ತಿಯ ಆಮದು ಸುಂಕವನ್ನು ಪೂರ್ತಿ ತೆಗೆದರು. ಮೊದಲು ಸೆಪ್ಟೆಂಬರ್ 30ರವರೆಗೆ ಅಂದರು, ಆಮೇಲೆ ಡಿಸೆಂಬರ್ 31ರವರೆಗೆ ಅಂದರು. ರಾಯಚೂರು, ಯಾದಗಿರಿ, ಹಾವೇರಿ ಕಡೆ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ತಿಂಗಳುಗಳೇ ಅವು. ಮಿಲ್ಲಿನಲ್ಲಿ ಕೆಲಸ ಮಾಡುವವನದು ಉದ್ಯೋಗ, ಹೊಲದಲ್ಲಿ ಹತ್ತಿ ಬಿಡಿಸುವವಳದು ಏನು, ಹವ್ಯಾಸವೇ?

ಹಾಗಾದರೆ ರಾಜ್ಯದ ರೇಷ್ಮೆ ಮಂತ್ರಿಗಳಿಗೆ ಕೆಲಸ ಇಲ್ಲವೇ? ಇದೆ. ದಿಲ್ಲಿಗೆ ಕಾಗದ ಬರೆದೆ ಅಂತ ಕೈ ತೊಳೆದುಕೊಳ್ಳೋಕೆ ನಾವು ಬಿಡಬಾರದು. ಕರ್ನಾಟಕ ರೇಷ್ಮೆ ಮಾರಾಟ ಮಂಡಳಿಯನ್ನು 1979ರಲ್ಲಿ ಮಾಡಿದ್ದು ಯಾತಕ್ಕೆ? ಬೆಲೆ ಬಿದ್ದಾಗ ರೀಲರುಗಳಿಂದ ನೂಲು ಕೊಂಡು ಮಾರುಕಟ್ಟೆ ಎತ್ತಿ ಹಿಡಿಯಲಿ ಅಂತ. ನೂಲು ಮಾರಾಟವಾಗದೆ ದುಡ್ಡು ಸಿಕ್ಕಿಹಾಕಿಕೊಂಡ ರೀಲರು ಮರುದಿನ ಹರಾಜಿಗೆ ಬರೋದಿಲ್ಲ. ಅವನು ಬಾರದಿದ್ದರೆ ನಮ್ಮ ಲಾಟು ಕೇಳುವವರಿಲ್ಲ. ಮಂಡಳಿಯ ಕೈಯಲ್ಲಿ ಹಣ ಇದ್ದು, ಸರಿಯಾದ ವಾರದಲ್ಲಿ ಅದು ನೂಲು ಕೊಂಡರೆ ಶಿಡ್ಲಘಟ್ಟದ ಹರಾಜಿನಲ್ಲಿ ಅದರ ಬಿಸಿ ತಟ್ಟುತ್ತದೆ. ಬೆಲೆ ಬಿದ್ದು ಮೂರು ತಿಂಗಳ ಮೇಲೆ ಸಭೆ ಕರೆದು, ಆರು ತಿಂಗಳ ಮೇಲೆ ಆದೇಶ ಮಾಡಿದರೆ, ಅಷ್ಟರಲ್ಲಿ ರೈತ ತನ್ನ ಬೆಳೆಯನ್ನು ಸಿಕ್ಕಿದ ಬೆಲೆಗೆ ಕೊಟ್ಟು ಮುಗಿದಿರುತ್ತದೆ. ಸಂಪುಟದವರು 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿಸಲು ಒಪ್ಪಿದರಲ್ಲ, ಆ ಉತ್ಸಾಹದಲ್ಲಿ ಕಾಲು ಭಾಗ ಮಂಡಳಿಯ ಮೇಲೆ ತೋರಿಸಿದರೂ ಸಾಕಿತ್ತು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಸುಂಕ ಇಳಿಸುವ ಮೊದಲು ಆ ಬೆಳೆ ಬೆಳೆಯುವ ರಾಜ್ಯಗಳ ರೈತರನ್ನು ಕೂರಿಸಿ ಕೇಳಬೇಕು. ಗೂಡಿಗೆ ಸಾಗುವಳಿ ಖರ್ಚು ಹಿಡಿದು ಒಂದು ತಳಬೆಲೆ ಗೊತ್ತು ಮಾಡಬೇಕು, ಬೆಲೆ ಅದಕ್ಕಿಂತ ಕೆಳಗೆ ಹೋದರೆ ಯಾರ ಅರ್ಜಿಗೂ ಕಾಯದೆ ಸುಂಕ ತಾನಾಗಿ ಏರುವಂತಿರಬೇಕು. ಆಮದಿನಿಂದ ಬಂದ ಸುಂಕದ ಹಣದಲ್ಲಿ ಒಂದು ಪಾಲು ಗೂಡಿನ ಬೆಲೆ ಕಾಯುವ ನಿಧಿಗೆ ಬರಬೇಕು. ಸರ್ಕಾರವೇ ಸುಂಕ ಇಳಿಸಿ ಬೆಲೆ ಕೆಡವಿದ ವರ್ಷ ಹುಳದ ಮನೆಯ ಸಾಲದ ಕಂತನ್ನು, ಬಡ್ಡಿ ಏರಿಸದೆ, ಮುಂದಕ್ಕೆ ಹಾಕಬೇಕು.

ಈಗ ಕೇಂದ್ರದ ಬಜೆಟ್ಟು ಫೆಬ್ರವರಿ 1ಕ್ಕೆ ಬರುತ್ತದೆ. ಅದರ ಕೆಲಸ ದಿಲ್ಲಿಯಲ್ಲಿ ದೀಪಾವಳಿ ಹೊತ್ತಿಗೇ ಶುರುವಾಗಿರುತ್ತದೆ. ಗಿರಣಿಯವರು, ಆಮದು ವ್ಯಾಪಾರಿಗಳು ಆಗಲೇ ಮನವಿ ಹಿಡಿದು ಓಡಾಡುತ್ತಾರೆ. ನಾವು ಎಚ್ಚರಾಗೋದು ಮಾರ್ಚಿನಲ್ಲಿ, ಹರಾಜಿನ ಬೋರ್ಡು ನೋಡಿದ ಮೇಲೆ. ಈ ಸಲ ಪ್ರತಿ ಹಳ್ಳಿಯವರೂ ನವೆಂಬರ್ ಒಳಗೆ ನಿಮ್ಮ ಲೋಕಸಭಾ ಸದಸ್ಯರಿಗೆ ಒಂದು ಅರ್ಜಿ, ಹಣಕಾಸು ಮಂತ್ರಿಗಳಿಗೆ ಒಂದು ಅರ್ಜಿ ಬರೆಯಿರಿ. ಉದ್ದ ಬೇಡ, ಒಂದು ಪುಟ ಸಾಕು. ಕಳೆದ ಐದು ಬೆಳೆಯ ಹರಾಜು ಚೀಟಿಯ ನಕಲು, ಬ್ಯಾಂಕಿನ ಕಂತಿನ ಪಾಸ್‌ಬುಕ್ಕಿನ ನಕಲು ಎರಡನ್ನೂ ಜೊತೆಗೆ ಪಿನ್ನು ಹಾಕಿ. ಅಂಚೆಯಲ್ಲಿ ಕಳಿಸುವಾಗ ಸ್ಪೀಡ್ ಪೋಸ್ಟ್ ಮಾಡಿಸಿ, ರಶೀದಿ ಇಟ್ಟುಕೊಳ್ಳಿ. ಸದಸ್ಯರು ಊರಿಗೆ ಕಲ್ಲು ನೆಡಲು ಬಂದ ದಿನ ಆ ರಶೀದಿಯನ್ನು ತೋರಿಸಿ, ಉತ್ತರ ಎಲ್ಲಿ ಸ್ವಾಮಿ ಅಂತ ಎಲ್ಲರೆದುರಿಗೇ ಕೇಳಿ.