ಮನೆ ಮಾರುವ ಮುನ್ನ ಅಡುಗೆಮನೆಗೆ ಸಾಲ ಬೇಡ

ಸಾಲ ತೀರಿಸಲೆಂದು ಮನೆ ಮಾರಲು ಹೊರಟವರೇ, ಅಡುಗೆಮನೆ ಚೆಂದ ಕಾಣಲೆಂದು ಮತ್ತೆ ಸಾಲ ಮಾಡಿ ಗ್ರಾನೈಟ್ ಹಾಕಿಸುವುದನ್ನು ನಾವು ಹಳ್ಳಿಗಳಲ್ಲಿ ನೋಡುತ್ತಿದ್ದೇವೆ. ಇದು ಬೇಡ ಎನ್ನುತ್ತೇವೆ. ಹಾಕಿದ ದುಡ್ಡು ಬೆಲೆಯಲ್ಲಿ ವಾಪಸ್ ಬರುವ ಖಾತ್ರಿಯಿಲ್ಲ. ಕೊಂಡವರು ಅದನ್ನೇ ಒಡೆಸಿ ತಮಗೆ ಬೇಕಾದಂತೆ ಕಟ್ಟಿಸಿಕೊಳ್ಳಬಹುದು.

ಮನೆ ನೋಡಲು ಬರುವ ಹೆಣ್ಣುಮಕ್ಕಳು ಮೊದಲು ಹೋಗುವುದು ಅಡುಗೆಮನೆಗೆ. ಅವರು ನೋಡುವುದು ಬೆಳಕು, ನೀರು, ಹೊಗೆ ಹೋಗುವ ದಾರಿ. ಹಾಗಾಗಿ ಅಟ್ಟದ ಹಳೇ ಡಬ್ಬಿಗಳನ್ನು ಇಳಿಸಿ. ಗೋಡೆಯ ಮಸಿ ಉಜ್ಜಿ ತೆಗೆದು ಸುಣ್ಣ ಬಳಿಯಿರಿ. ಸೋರುವ ನಲ್ಲಿಗೆ ವಾಷರ್ ಹಾಕಿಸಿ. ಪಾತ್ರೆ ತೊಳೆದ ನೀರು ಹೋಗುವ ಪೈಪು ಕಟ್ಟಿದ್ದರೆ ಬಿಡಿಸಿ. ಕಿಟಕಿ ತೆರೆದಿಡಿ.

ಮಳೆಗಾಲದಲ್ಲಿ ಒಲೆ ಹಿಂದಿನ ಗೋಡೆ ಒಸರುತ್ತಿದ್ದರೆ ಬಣ್ಣ ಬಳಿದು ಮುಚ್ಚಬೇಡಿ, ಹೇಳಿಬಿಡಿ. ತನಗೆ ಗೊತ್ತಿರುವ, ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ.

ಉಳಿದ ದುಡ್ಡು, ಓಡಾಟ ಎರಡೂ ಪಂಚಾಯಿತಿಯ ಇ-ಸ್ವತ್ತು ಪತ್ರಗಳಿಗಿರಲಿ. ನಮೂನೆ 9, 11 ಸರಿಯಿಲ್ಲದಿದ್ದರೆ ನೋಂದಣಿ ನಿಲ್ಲುತ್ತದೆ, ಬಂದ ಗಿರಾಕಿಯೂ ಕೈತಪ್ಪುತ್ತಾರೆ.