ನನ್ನ ಸ್ಲಾಟು, ಯಾರದೋ ಸರದಿ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಮೊನ್ನೆ ಭಾನುವಾರ ಹಳೇ ಫೋನಿಂದ ಹೊಸ ಫೋನಿಗೆ ಫೈಲುಗಳನ್ನ ಸಾಗಿಸ್ತಾ ಕೂತಿದ್ದಾಗ ಎರಡು ಪಿಡಿಎಫ್ ಸಿಕ್ಕವು. ಒಂದು, 2021ರ ಮೇ 5ರ ರಾಜ್ಯ ಆರೋಗ್ಯ ಇಲಾಖೆಯ ಕೋವಿಡ್ ಬುಲೆಟಿನ್. ಇನ್ನೊಂದು, ಅದಾದ ಒಂದು ವಾರಕ್ಕೆ ನಾನು ಹಾಕಿಸಿಕೊಂಡ ಮೊದಲ ಡೋಸ್ ಲಸಿಕೆಯ ಸರ್ಟಿಫಿಕೇಟು.

ಬುಲೆಟಿನ್‌ನಲ್ಲಿ ಆ ಒಂದೇ ದಿನದ ಹೊಸ ಕೇಸುಗಳು 50,112. ಸಾವು 346. ಸರ್ಟಿಫಿಕೇಟಿನಲ್ಲಿ ಲಸಿಕೆ ಪಡೆದ ಜಾಗ ಅನ್ನೋ ಕಡೆ ಒಂದು ತಾಲೂಕು ಆಸ್ಪತ್ರೆಯ ಹೆಸರಿದೆ. ಬೆಂಗಳೂರಿನಿಂದ ಎರಡು ಗಂಟೆ ದಾರಿ. ಆ ಊರಿಗೆ ನಾನು ಅದಕ್ಕೆ ಮುಂಚೆ ಹೋಗಿರಲಿಲ್ಲ, ಆಮೇಲೂ ಹೋಗಿಲ್ಲ. ಊರಿನ ಹೆಸರು ಇಲ್ಲಿ ಬರೆಯೋದಿಲ್ಲ, ಯಾಕೆ ಅಂತ ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತೆ.

ಮೊದಲು ಬುಲೆಟಿನ್ ವಿಷಯ. ನಿಮಗೆಲ್ಲ ನೆನಪಿದೆಯಲ್ಲ, 2020ರ ಮಾರ್ಚ್? ಅಮೆರಿಕದಿಂದ ಬೆಂಗಳೂರಿಗೆ ಬಂದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರದು ರಾಜ್ಯದ ಮೊದಲ ಕೇಸು. ಕೆಲವೇ ದಿನದಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು. ಆಗ ಒಬ್ಬೊಬ್ಬ ರೋಗಿಗೂ ಪಿ-1, ಪಿ-2 ಅಂತ ನಂಬರು. ನಂಬರಿನ ಮುಂದೆ ವಯಸ್ಸು, ಗಂಡೋ ಹೆಣ್ಣೋ, ಯಾವ ದೇಶದಿಂದ ಬಂದಿದ್ದು, ಯಾವ ನಂಬರಿನವರ ಸಂಪರ್ಕ... ಸಂಜೆ ಆದರೆ ಸಾಕು, ಧಾರಾವಾಹಿಗೆ ಕಾಯೋ ಹಾಗೆ ಕಾಯ್ತಿದ್ದೆವು. ಹೆಸರು ಹಾಕದಿದ್ದರೂ ಸಣ್ಣ ಊರಿನಲ್ಲಿ 'ದುಬೈಯಿಂದ ಬಂದ 34 ವರ್ಷದ ಗಂಡಸು' ಅಂದರೆ ಯಾರು ಅಂತ ಹಾಲು ಹಾಕೋ ಹುಡುಗನಿಗೂ ಗೊತ್ತಾಗುತ್ತೆ. ಇದು ಸಾಲದು ಅಂತ ಆ ಮಾರ್ಚ್ ಕೊನೆಗೆ ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನೇ ಜಿಲ್ಲಾವಾರು ವೆಬ್‌ಸೈಟಿಗೆ ಹಾಕಿದರು. ಅದು ವಾಟ್ಸಾಪಿನಲ್ಲಿ ಹರಿದಾಡಿದ್ದನ್ನ ನಾನೂ ನೋಡಿದೆ. ನಾಚಿಕೆಯ ಮಾತು ಅಂದರೆ, ನಮ್ಮ ಬೀದಿಯವರು ಯಾರಾದರೂ ಇದ್ದಾರಾ ಅಂತ ಹುಡುಕಿಯೂ ನೋಡಿದೆ.

ಕೇಸು ಸಾವಿರ ದಾಟಿ ಲಕ್ಷ ದಾಟಿದ ಮೇಲೆ ಒಬ್ಬೊಬ್ಬರ ವಿವರ ಹೋಗಿ ಬರೀ ಕೋಷ್ಟಕ ಉಳಿಯಿತು. ಜಿಲ್ಲೆಗೆ ಎಷ್ಟು, ಗುಣಮುಖ ಎಷ್ಟು, ಪಾಸಿಟಿವಿಟಿ ದರ ಎಷ್ಟು. ಇದನ್ನ ಪ್ರತಿದಿನ ಕೂಡಿಸಿ ಕಳೆದು ಹೊರಗೆ ಕೊಟ್ಟವರ ಶ್ರಮ ಸಣ್ಣದಲ್ಲ, ಅದನ್ನ ಆಡಿಕೊಳ್ಳೋಕೆ ನಾನು ಕೂತಿಲ್ಲ. ಆದರೆ ಈಗ ಆ ಮೇ 5ರ ಹಾಳೆಗಳನ್ನ ಮತ್ತೆ ತಿರುವಿ ಹಾಕಿದಾಗ ಒಂದು ಪ್ರಶ್ನೆ ಬಂತು. ಇದನ್ನ ಓದಿದ ಮನುಷ್ಯ ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕಿತ್ತು? ಹೆದರಬೇಕಿತ್ತು, ಸರಿ. ಅದರ ಮುಂದೆ?

ಮುಂದಿನದ್ದನ್ನ ಬೇರೆ ಕಡೆ ಹುಡುಕಬೇಕಿತ್ತು. ಬೆಂಗಳೂರಿನಲ್ಲಿ ಬೆಡ್ ಬೇಕಾದರೆ ಬಿಯು ನಂಬರ್ ಅಂತ ಒಂದು ಬೇಕು. ಅದು ಬರಬೇಕಾದರೆ ಟೆಸ್ಟ್ ರಿಪೋರ್ಟ್ ಸಿಸ್ಟಮ್ಮಿಗೆ ಏರಬೇಕು. ಲಸಿಕೆ ಬೇಕಾದರೆ ಕೋವಿನ್. ನಾನು ಇವತ್ತು ಬರೆಯಬೇಕು ಅಂತ ಕೂತಿದ್ದು ಈ ಕೋವಿನ್ ಬಗ್ಗೆ.

2021ರ ಮೇ 1ರಿಂದ 18ರಿಂದ 44 ವಯಸ್ಸಿನವರಿಗೂ ಲಸಿಕೆ ಅಂತ ಕೇಂದ್ರ ಹೇಳಿತು. ಆದರೆ ನಮ್ಮ ವಯಸ್ಸಿನವರು ಆನ್‌ಲೈನಿನಲ್ಲಿ ಅಪಾಯಿಂಟ್‌ಮೆಂಟ್ ತಗೊಂಡೇ ಬರಬೇಕು, ನೇರ ಹೋದರೆ ಇಲ್ಲ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಶುರುವಾಗಿದ್ದು ಮೇ 10ಕ್ಕೆ. ಅವತ್ತೇ ಕಟ್ಟುನಿಟ್ಟಿನ ಲಾಕ್‌ಡೌನೂ ಶುರು. ಆಗ ಕೋವಿನ್ ಇದ್ದಿದ್ದು ಇಂಗ್ಲಿಷಿನಲ್ಲಿ. ಕನ್ನಡ ಬಂದಿದ್ದು ಜೂನ್ ಮೊದಲ ವಾರಕ್ಕೆ.

ನನಗೆ ಇಂಗ್ಲಿಷ್ ಬರುತ್ತೆ. ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದೆ. ಹೊಟ್ಟೆಪಾಡಿಗೆ ಮಾಡೋದೇ ಪ್ರೋಗ್ರಾಮಿಂಗು. ಬೆಂಗಳೂರಿನ ಸ್ಲಾಟುಗಳು ಕಣ್ಣು ಮಿಟುಕಿಸೋದರೊಳಗೆ ಮಾಯ ಆಗ್ತಿದ್ದವು. ಪಿನ್‌ಕೋಡ್ ಬಿಟ್ಟು ಜಿಲ್ಲೆ ಹಾಕಿ ಹುಡುಕಬಹುದು, ಯಾವ ಜಿಲ್ಲೆ ಬೇಕಾದರೂ ಹಾಕಬಹುದು ಅಂತ ಆಫೀಸಿನ ಗೆಳೆಯ ಹೇಳಿದ. ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಸುತ್ತಲಿನ ಜಿಲ್ಲೆಗಳನ್ನ ಅದು ನೋಡ್ತಾ ಇರೋದು, ಎಲ್ಲಾದರೂ ಸ್ಲಾಟ್ ತೆರೆದ ಕೂಡಲೇ ಕೀ ಕೀ ಅಂತ ಕೂಗೋದು. ಮರುದಿನವೇ ಕೂಗಿತು. ಒಟಿಪಿ ಒತ್ತಿ ಬುಕ್ ಮಾಡಿದೆ. ಸೆಂಚುರಿ ಹೊಡೆದವನ ಹಾಗೆ ಹೆಂಡತಿಗೆ ಕೂಗಿ ಹೇಳಿದೆ :-)

ಮೇ 12ರ ಬೆಳಗ್ಗೆ ಕಾರು ತೆಗೆದೆ. ದಾರಿಯಲ್ಲಿ ಪೊಲೀಸರು ಎರಡು ಕಡೆ ನಿಲ್ಲಿಸಿದರು, ಅಪಾಯಿಂಟ್‌ಮೆಂಟ್ ಚೀಟಿ ತೋರಿಸಿದೆ, ಬಿಟ್ಟರು. ಆಸ್ಪತ್ರೆಯ ಗೇಟಿನ ಹತ್ತಿರ ಏಳೆಂಟು ಜನ ಹುಡುಗರು ನಿಂತಿದ್ದರು. ಒಬ್ಬ ಖಾಕಿ ಅಂಗಿ, ಆಟೋದವನಿರಬೇಕು. "ಸಾರ್, ಇದಕ್ಕೆ ನಂಬರ್ ಎಲ್ಲಿ ಕೊಡ್ತಾರೆ ಸಾರ್?" ಅಂದ. ಆನ್‌ಲೈನಲ್ಲಿ ಬುಕ್ ಮಾಡ್ಬೇಕು ಅಂದೆ. "ಮಾಡ್ದೆ ಸಾರ್, ಎಲ್ಲಾ ಫುಲ್ ಅಂತ ಬರ್ತದೆ. ನಮ್ಮೂರಲ್ಲಿ ಇನ್ನೂ ಯಾರಿಗೂ ಹಾಕೇ ಇಲ್ಲ, ಫುಲ್ ಹೆಂಗಾಯ್ತದೆ?" ಅಂದ.

ಒಳಗೆ ಹೋದ ಮೇಲೆ ಅವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕ್ಯೂನಲ್ಲಿ ನನ್ನ ಮುಂದೆ ಇದ್ದವರು ವೈಟ್‌ಫೀಲ್ಡಿನವರು. ಹಿಂದೆ ಇದ್ದ ದಂಪತಿ ಜೆ.ಪಿ. ನಗರದವರು. ಪಟ್ಟಿ ಹಿಡಿದು ಕೂತಿದ್ದ ಸಿಸ್ಟರ್ ಆಧಾರ್ ನೋಡ್ತಾ, "ಎಲ್ಲಾ ಬೆಂಗ್ಳೂರೇ" ಅಂತ ತಮ್ಮಷ್ಟಕ್ಕೆ ಅಂದರು. ಬೈದಿದ್ದಲ್ಲ, ಸುಮ್ಮನೆ ಅಂದಿದ್ದು. ನಾನು ತೋಳು ಕೊಟ್ಟೆ, ಅರ್ಧ ಗಂಟೆ ಕೂತೆ, ಬಂದೆ. ಬರುವಾಗ ಆ ಹುಡುಗರು ಅಲ್ಲೇ ಇದ್ದರು. ಕಾರಿನ ಗಾಜು ಏರಿಸಿಕೊಂಡೆ.

ಎರಡು ದಿನ ಕಳೆಯೋದರೊಳಗೆ, ಅಂದರೆ ಮೇ 14ರಿಂದ, ಲಸಿಕೆ ಸಾಲದು ಅಂತ ರಾಜ್ಯದಲ್ಲಿ 18-44ರವರಿಗೆ ಕೊಡೋದನ್ನ ನಿಲ್ಲಿಸಿದರು. ಇದ್ದಿದ್ದನ್ನ 45 ದಾಟಿದವರ ಎರಡನೇ ಡೋಸಿಗೆ ಅಂತ ತಿರುಗಿಸಿದರು, ಅದು ಸರಿಯಾದ ತೀರ್ಮಾನವೇ. ಒಟ್ಟಿನಲ್ಲಿ ಆ ಮೊದಲ ಸುತ್ತು ನಡೆದಿದ್ದು ನಾಲ್ಕೇ ದಿನ. ಆ ನಾಲ್ಕು ದಿನದಲ್ಲಿ ಆ ಊರಿನ ಪಾಲಿಗೆ ಬಂದಿದ್ದರಲ್ಲಿ ಒಂದನ್ನ ನಾನು ತಿಂದೆ. ನಿಯಮದ ಪ್ರಕಾರ ತಪ್ಪೇನಿಲ್ಲ. ಆದರೂ ಆ ಸರ್ಟಿಫಿಕೇಟು ನೋಡಿದಾಗಲೆಲ್ಲ ಖಾಕಿ ಅಂಗಿ ನೆನಪಾಗುತ್ತೆ.

ಇದೇ ಹೊತ್ತಿಗೆ ನಮ್ಮೂರಲ್ಲಿ ನಡೆದದ್ದನ್ನೂ ಹೇಳಬೇಕು. ನಮ್ಮೂರು ಸಾಗರ ತಾಲೂಕಿನ ಮೂಲೆಯಲ್ಲಿದೆ. ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಬೇಕಾದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಅಲ್ಲಿರೋ ನನ್ನ ಚಿಕ್ಕಮ್ಮನಿಗೆ ಆಗ 61. ಅವರ ಹತ್ತಿರ ಇರೋದು ಒತ್ತುಗುಂಡಿಯ ಫೋನು, ಅದರಲ್ಲೂ ಬಂದ ಕಾಲ್ ಎತ್ತೋದಷ್ಟೇ ಗೊತ್ತು. ಅವರ ಮಗನಿಗೆ 29, ಕೈಯಲ್ಲಿ ಸ್ಮಾರ್ಟ್‌ಫೋನ್. ಯಾರಿಗೆ ಮೊದಲು ಲಸಿಕೆ ಸಿಕ್ಕಿತು ಹೇಳಿ ನೋಡೋಣ?

ಚಿಕ್ಕಮ್ಮನಿಗೆ ಏಪ್ರಿಲ್ ಮೊದಲ ವಾರದಲ್ಲೇ ಆಗಿತ್ತು. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು, "ಅಮ್ಮ, ನಾಳೆ ಹತ್ತು ಗಂಟೆಗೆ ಆಧಾರ್ ಕಾರ್ಡ್ ಹಿಡ್ಕಂಡು ಪಿಎಚ್‌ಸಿಗೆ ಬನ್ನಿ, ಹೊಟ್ಟೆಗೆ ತಿಂದ್ಕಂಡು ಬನ್ನಿ" ಅಂದಿದ್ದರು. ಅಷ್ಟೇ ಅಪಾಯಿಂಟ್‌ಮೆಂಟು. ಮೇ 13ಕ್ಕೆ ಕೋವಿಶೀಲ್ಡ್ ಎರಡು ಡೋಸುಗಳ ನಡುವಿನ ಅಂತರ 12ರಿಂದ 16 ವಾರ ಅಂತ ಬದಲಾಯಿತಲ್ಲ, ಆ ಸುದ್ದಿಯನ್ನ ತಂದಿದ್ದೂ ಅವರೇ. "ಈಗ ಬರ್ಬೇಡಿ, ಮಳೆ ಹಿಡಿದ ಮೇಲೆ ನಾನೇ ಬಂದು ಹೇಳ್ತೀನಿ" ಅಂದರಂತೆ. ಹೇಳಿದ ಹಾಗೆ ಬಂದು ಹೇಳಿದರು ಕೂಡ.

ಮಗ ಮಾತ್ರ ದಿನಾ ಗುಡ್ಡ ಹತ್ತಿ ಇಳಿದ. ಒಟಿಪಿ ಬರೋ ಹೊತ್ತಿಗೆ ಸಿಗ್ನಲ್ ಹೋಗೋದು, ಸಿಗ್ನಲ್ ಬರೋ ಹೊತ್ತಿಗೆ ಸ್ಲಾಟ್ ಹೋಗೋದು. "ಅಣ್ಣ, ಗುಡ್ಡ ಹತ್ತಿ ಹತ್ತಿ ಕಾಲು ಗಟ್ಟಿಯಾಯ್ತು, ಲಸಿಕೆ ಬೇಡ ಬಿಡು" ಅಂತ ನಗಾಡಿದ. ಅವನಿಗೆ ಸಿಕ್ಕಿದ್ದು ಆಗಸ್ಟಿನಲ್ಲಿ, ಅದೂ ಅದೇ ಆಶಾ ಕಾರ್ಯಕರ್ತೆ ಊರಿನ ಶಾಲೆಯಲ್ಲಿ ಕ್ಯಾಂಪ್ ಇದೆ ಅಂತ ಕರೆದಾಗ. ನಾನು ಅವನಿಗೂ ಬುಕ್ ಮಾಡಿ ಕೊಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಒಟಿಪಿ ಹೇಳೋಕೆ ಅವನು ಗುಡ್ಡದ ಮೇಲೆ ಇರಬೇಕಲ್ಲ ಮಾರಾಯ್ರೆ!

ಅಮ್ಮನಿಗೆ ಸುಲಭವಾಗಿ ಸಿಕ್ಕಿದ್ದು ಮಗನಿಗೆ ಸಿಗದೇ ಹೋಗಿದ್ದಕ್ಕೆ ಲಸಿಕೆಯ ಕೊರತೆ ಒಂದು ಕಾರಣ, ಒಪ್ಪಿದೆ. ಆದರೆ ಇದ್ದಷ್ಟು ಲಸಿಕೆ ಯಾರ ಪಾಲಾಯಿತು ಅನ್ನೋದು ಬೇರೆ ಪ್ರಶ್ನೆ. 45 ದಾಟಿದವರು ಅಲ್ಲೇ ಹೋಗಿ ಹೆಸರು ಬರೆಸಬಹುದಿತ್ತು, ಆ ದಾರಿ ಆಶಾ ಕಾರ್ಯಕರ್ತೆಯ ಕಾಲಿನ ಮೇಲೆ ನಡೆಯಿತು. ನಮ್ಮ ವಯಸ್ಸಿನವರದ್ದು ಬೆರಳಿನ ವೇಗದ ಮೇಲೆ ನಡೆಯಿತು. ಇದನ್ನ ಸುಪ್ರೀಂ ಕೋರ್ಟ್ ಕೂಡ 2021ರ ಮೇ ಕೊನೆಯಲ್ಲಿ ಎತ್ತಿ ಹೇಳಿತು, ಇಂಟರ್ನೆಟ್ ಇಲ್ಲದವರ ಗತಿ ಏನು ಅಂತ. ಅಷ್ಟರಲ್ಲಿ ಮೇ 24ಕ್ಕೆ ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಕೊಟ್ಟರು, ಜೂನ್ 21ರಿಂದ ಎಲ್ಲರಿಗೂ ಆ ದಾರಿ ತೆರೆಯಿತು. ತಡವಾದರೂ ತಿದ್ದಿಕೊಂಡರು, ಅದಕ್ಕೆ ಶಹಬ್ಬಾಸ್.

ಮಲೆನಾಡಿನವರಿಗೆ ಇದು ಹೊಸದೇನಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಕಡೆ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜನ ಸತ್ತರು. ಆ ಕಾಯಿಲೆಯ ಕಾಲದಲ್ಲಿ ನಮಗೆ ಬೇಕಾಗೋ ಸುದ್ದಿ ಜಿಲ್ಲೆಯಲ್ಲಿ ಒಟ್ಟು ಎಷ್ಟು ಕೇಸು ಅನ್ನೋದಲ್ಲ. "ಆ ಹಕ್ಕಲಿನಲ್ಲಿ ಮಂಗ ಸತ್ತಿದೆ, ಆ ಕಡೆ ದರಗು ಗುಡಿಸೋಕೆ ಹೋಗ್ಬೇಡಿ, ಹೋಗೋದೇ ಆದ್ರೆ ಡೇಪಾ ಎಣ್ಣೆ ಹಚ್ಕೊಂಡು ಹೋಗಿ" ಅನ್ನೋದು. ಎಲ್ಲಿ, ಏನು, ಯಾರು ಏನು ಮಾಡಬೇಕು ಅನ್ನೋ ಮೂರೂ ಒಂದೇ ಮಾತಿನಲ್ಲಿ ಇದೆ. ಆರೋಗ್ಯದ ಸುದ್ದಿ ಅಂದರೆ ಹೀಗಿರಬೇಕು ಅಂತ ನನ್ನ ಅಭಿಪ್ರಾಯ.

ಆನ್‌ಲೈನ್ ಇಲ್ಲದಿದ್ದರೆ ಇನ್ನೂ ಕೆಟ್ಟದಾಗ್ತಿತ್ತು, ನೂಕುನುಗ್ಗಲು, ಶಿಫಾರಸು ಚೀಟಿ, ನಮ್ಮವರು ನಿಮ್ಮವರು ಅಂತ ಲಸಿಕೆ ಹಂಚಿಕೆ ಆಗ್ತಿತ್ತು ಅಂತ ನಿಮ್ಮಲ್ಲಿ ಕೆಲವರು ಹೇಳ್ತೀರಿ, ಗೊತ್ತು. ನಮ್ಮ ದೇಶ ನೋಡಿದ ಯಾರೂ ಅದನ್ನ ಅಲ್ಲಗಳೆಯೋಕೆ ಆಗಲ್ಲ. ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ, ಎಮ್ಮೆಲ್ಲೆ ಫೋನೂ ಅದು ಎತ್ತಲ್ಲ. ಆದರೆ ಅದಕ್ಕೆ ನನ್ನಂಥವನ ಸ್ಕ್ರಿಪ್ಟ್ ಅಂದರೆ ತುಂಬಾ ಪ್ರೀತಿ. ಶಿಫಾರಸು ಹೋಗಿ ಸ್ಕ್ರಿಪ್ಟ್ ಬಂತು, ಹೊರಗೆ ನಿಂತವನು ಹೊರಗೇ ಉಳಿದ.

ಇನ್ನೊಂದು ಸಾಂಕ್ರಾಮಿಕ ಬರದಿರಲಿ. ಬಂದರೆ ಏನಾಗಬೇಕು ಅಂತ ನನಗೆ ತೋಚಿದ್ದು ಇಷ್ಟು. ಒಂದು, ಯಾವುದೇ ಆಸ್ಪತ್ರೆಗೆ ಬಂದ ಲಸಿಕೆಯಲ್ಲಿ ಅರ್ಧವಾದರೂ ಆ ತಾಲೂಕಿನವರಿಗೆ, ನೇರ ಬಂದವರಿಗೆ ಮೀಸಲಿರಲಿ. ಹೆಸರು ಬರೆದ ಸರದಿ ಪುಸ್ತಕ ಯಾರು ಕೇಳಿದರೂ ತೋರಿಸೋ ಹಾಗಿರಲಿ, ಆಗ ಶಿಫಾರಸು ಚೀಟಿಯೂ ಹೆದರುತ್ತೆ. ಎರಡು, ದಿನದ ಬುಲೆಟಿನ್ ಮೊದಲ ಪುಟದಲ್ಲಿ ನಿನ್ನೆಯ ಕೇಸಿನ ಜೊತೆ ನಾಳೆಯ ಮಾತೂ ಇರಲಿ. ಯಾವ ಕೇಂದ್ರದಲ್ಲಿ ಎಷ್ಟು ಡೋಸ್, ಎಷ್ಟು ಹೊತ್ತಿಗೆ, ಯಾವ ವಯಸ್ಸಿಗೆ ಅಂತ ಮೊದಲ ದಿನದಿಂದಲೇ ಕನ್ನಡದಲ್ಲಿ. ಅದನ್ನ ಪಂಚಾಯ್ತಿ ಗೋಡೆಗೆ, ರೇಷನ್ ಅಂಗಡಿ ಬಾಗಿಲಿಗೆ ಅಂಟಿಸಲಿ. ಮೂರು, ಯಾರ ಮನೆ ವಿಳಾಸವೂ ಬೀದಿಗೆ ಬರದಿರಲಿ.

ನಾಲ್ಕನೆಯದು ಇವೆಲ್ಲಕ್ಕಿಂತ ಮುಖ್ಯ. ಸುದ್ದಿಯನ್ನ ಬಾಗಿಲಿಗೆ ತಂದ ಆ ಹೆಂಗಸರಿಗೆ ಸರಿಯಾದ ಸಂಬಳ ಕೊಡಲಿ. 2020ರ ಜುಲೈನಲ್ಲಿ, ಕೋವಿಡ್ ನಡುವೆಯೇ, ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದು ನೆನಪಿದೆಯಾ? ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ. ನನ್ನ ಸ್ಕ್ರಿಪ್ಟಿಗೆ ಕಂಡಿದ್ದು ಖಾಲಿ ಸ್ಲಾಟು ಮಾತ್ರ. ಯಾರ ಮನೆಯಲ್ಲಿ 61 ವರ್ಷದ ಹೆಂಗಸಿದ್ದಾರೆ, ಅವರಿಗೆ ಯಾವಾಗ ಎರಡನೇ ಡೋಸು ಅನ್ನೋದು ಆಶಾ ಕಾರ್ಯಕರ್ತೆಗೆ ಗೊತ್ತಿತ್ತು.

ಆವತ್ತು ಅಪಾಯಿಂಟ್‌ಮೆಂಟ್ ಬಿಟ್ಟುಕೊಡ್ತಿದ್ದೆಯಾ ಅಂತ ಯಾರಾದರೂ ಕೇಳಿದರೆ? ಬಿಡ್ತಿರಲಿಲ್ಲ ಅನ್ನಿಸುತ್ತೆ. ಆ ವಾರ ಆಫೀಸಿನ ಇಬ್ಬರು ಆಸ್ಪತ್ರೆಯಲ್ಲಿದ್ದರು, ಮನೆಯಲ್ಲಿ ಪುಟ್ಟ ಮಗು ಇತ್ತು, ಹೆದರಿಕೆ ನಿಜವಾಗಿತ್ತು. ಹಾಗಾಗಿಯೇ ಇದನ್ನ ಜನರ ಒಳ್ಳೆಯತನಕ್ಕೆ ಬಿಡಬಾರದು ಅಂತಿದ್ದೀನಿ. ಹೆದರಿದ ಮನುಷ್ಯ ಸರದಿ ಹಾರುತ್ತಾನೆ, ಹಾರೋಕೆ ಆಗದ ಹಾಗೆ ಸರದಿ ಕಟ್ಟಬೇಕು.

ಬುಲೆಟಿನ್ ಪಿಡಿಎಫ್ ಅಳಿಸಿದೆ. ಸರ್ಟಿಫಿಕೇಟನ್ನ ಹೊಸ ಫೋನಿಗೆ ಹಾಕಿಕೊಂಡಿದ್ದೀನಿ.

ನಿಮ್ಮ ಮೊದಲ ಡೋಸ್ ಯಾವ ಊರಿನಲ್ಲಾಯ್ತು? ಅದು ನಿಮ್ಮದೇ ಊರಾಗಿತ್ತಾ? ತಿಳಿಸಿ, ಓದೋಕೆ ಕಾಯ್ತಿರ್ತೀನಿ.